ಚೀಲವೂ ಒಂದು ಹೊಲ

ಚೀಲದಲ್ಲಿ ಆಲೂಗಡ್ಡೆ ಬೆಳೆಯಬೇಕೆಂದು ಆಸೆಪಟ್ಟಿರುವ ಮಕ್ಕಳೇ, ನನ್ನ ಮೊದಲ ಮಾತು ಇಷ್ಟೇ: ದೀಪಾವಳಿ ಕಳೆಯಲಿ. ಮಾದಪ್ಪನ ಬೆಟ್ಟದ ದೀಪಾವಳಿ ಜಾತ್ರೆ ಮುಗಿದು ಪರಸೆಗೆ ಹೋದವರು ಊರು ಸೇರುವ ಹೊತ್ತಿಗೆ ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಹಿಂಗಾರು ಇಳಿಯುತ್ತಾ ಬರುತ್ತದೆ, ರಾತ್ರಿ ಹೊದಿಕೆ ಬೇಕೆನಿಸುತ್ತದೆ. ಆಗ ನಾಟಿ ಮಾಡಿ. ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲ ಹೊತ್ತಿಸುವ ಹೊತ್ತಿಗೆ ಮಣ್ಣಿನೊಳಗೆ ಗಡ್ಡೆ ದಪ್ಪವಾಗುತ್ತಿರಬೇಕು. ಶಿವರಾತ್ರಿಗೆ ಮುಂಚೆ ಕಿತ್ತು ಮುಗಿಸಬೇಕು. ಈ ಮೂರು ಜಾತ್ರೆ ನೆನಪಿಟ್ಟುಕೊಂಡರೆ ಬೆಳೆಯ ಕಾಲ ತಪ್ಪುವುದಿಲ್ಲ.

ಕಾಲದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು. ಪೆರು, ಬೊಲಿವಿಯಾ ದೇಶಗಳ ಎತ್ತರದ ಬಯಲುಗಳಲ್ಲಿ ಅಲ್ಲಿನ ಜನ ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಪಳಗಿಸಿ ಹೊಲಕ್ಕೆ ತಂದರು. ಹಗಲು ಬಿಸಿಲು, ರಾತ್ರಿ ಚಳಿ ಆ ಗಿಡದ ಹುಟ್ಟುಗುಣಕ್ಕೆ ಒಗ್ಗಿದ್ದು. ಹಗಲು ಎಲೆಯಲ್ಲಿ ತಯಾರಾದ ಆಹಾರ ಕೆಳಗಿಳಿದು ಗಡ್ಡೆಯಲ್ಲಿ ಪಿಷ್ಟವಾಗಿ ಕೂಡಬೇಕಾದರೆ ರಾತ್ರಿಯ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿರಬೇಕು. ಮಣ್ಣಿನ ಬಿಸಿ 30 ಡಿಗ್ರಿ ಸಮೀಪಿಸಿತೆಂದರೆ ಗಡ್ಡೆ ಕಟ್ಟುವ ಕೆಲಸವೇ ನಿಂತುಹೋಗುತ್ತದೆ. ಗಿಡ ಸಾಯುವುದಿಲ್ಲ, ಹಸಿರಾಗಿ ಹಬ್ಬುತ್ತದೆ, ನೋಡಿದವರು ಬೆಳೆ ಚೆನ್ನಾಗಿದೆ ಎನ್ನುತ್ತಾರೆ. ಚೀಲ ಸುರಿದಾಗ ಮಾತ್ರ ಗೋಲಿ ಗಾತ್ರದ ನಾಲ್ಕು ಗಡ್ಡೆ ಸಿಕ್ಕುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಕೊಳ್ಳೇಗಾಲದ ತಾರಸಿಯ ಮೇಲೆ ನೆಟ್ಟವರಿಗೆ ಆಗುವುದು ಇದೇ. ಗೊಬ್ಬರ ಕಡಿಮೆಯಾಯಿತು ಎಂದುಕೊಂಡು ಇನ್ನಷ್ಟು ಯೂರಿಯಾ ಹಾಕುತ್ತಾರೆ. ಅದರಿಂದ ಸೊಪ್ಪು ಹೆಚ್ಚುತ್ತದೆಯೇ ಹೊರತು ಗಡ್ಡೆಯಲ್ಲ.

ಮೊಬೈಲಿನ ವಿಡಿಯೊಗಳಲ್ಲಿ ಒಂದೇ ಚೀಲದಿಂದ ಬುಟ್ಟಿಗಟ್ಟಲೆ ಗಡ್ಡೆ ಸುರಿಯುವುದನ್ನು ನೀವು ನೋಡಿರುತ್ತೀರಿ. ಹೆಚ್ಚಿನವು ಚಳಿ ದೇಶದವು, ಇಲ್ಲವೇ ಉತ್ತರ ಭಾರತದ ಚಳಿಗಾಲದವು. ಅವರ ಊರಿಗೆ ಅದು ನಿಜವಿರಬಹುದು, ನಮ್ಮ ಊರಿಗೆ ಅದೇ ಲೆಕ್ಕ ಹಾಕಬೇಡಿ. ನಮ್ಮ ಚಳಿಗಾಲ ಚಿಕ್ಕದು, ಚಳಿಯೂ ಹಗುರ. ಕೊಳ್ಳೇಗಾಲ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬಿಳಿಗಿರಿರಂಗನ ಬೆಟ್ಟದ ಮೇಲಿನ ಚಳಿ ಯಳಂದೂರಿನ ಗದ್ದೆ ಬಯಲಿಗೆ ಇಳಿಯುವುದಿಲ್ಲ. ಹನೂರಿನ ಬೆಟ್ಟದಂಚಿನ ಹಳ್ಳಿಗಳಲ್ಲಿ ರಾತ್ರಿ ಪಟ್ಟಣಕ್ಕಿಂತ ತಂಪು. ಬೆಟ್ಟದ ಮೇಲಿರುವವರು ಒಂದಿಷ್ಟು ತಡವಾಗಿ ನೆಟ್ಟರೂ ನಡೆದೀತು, ಪಟ್ಟಣದ ಸಿಮೆಂಟ್ ತಾರಸಿಯವರು ಒಂದು ವಾರ ಕೂಡ ತಡಮಾಡಬಾರದು. ಎಲ್ಲ ಸರಿಯಾಗಿ ಮಾಡಿದರೆ ನಮ್ಮ ಕಡೆ ಒಂದು ಚೀಲಕ್ಕೆ ಒಂದರಿಂದ ಎರಡು ಕೆಜಿ ಬಂದರೆ ಸಂತೋಷಪಡಿ.

ಇನ್ನು ಬೀಜದ ವಿಚಾರ. ಈ ಬರಹದಲ್ಲಿ ನೀವು ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬಾರದು. ಅಂಗಡಿಯಲ್ಲಿ ಕೆಂಪು ಮಣ್ಣು ಮೆತ್ತಿಕೊಂಡು ಬರುವ ಊಟಿ ಆಲೂಗಡ್ಡೆಯನ್ನು ಯಾವ ಕಾರಣಕ್ಕೂ ಬಿತ್ತನೆಗೆ ಬಳಸಬೇಡಿ. ತಿನ್ನಲು ಅದು ಬಲು ರುಚಿ. ಸಾಗುಗೆ ತನ್ನಿ, ಪಲ್ಯಕ್ಕೆ ತನ್ನಿ. ಮಣ್ಣಿಗೆ ಮಾತ್ರ ಇಡಬೇಡಿ.

ನೀಲಗಿರಿಯ ಆಲೂಗಡ್ಡೆಗೂ ನಮಗೂ ಹಳೆಯ ನಂಟಿದೆ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ತನಕ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1819ರಲ್ಲಿ ನೀಲಗಿರಿ ಹತ್ತಿ, ಮುಂದೆ ಊಟಿಯಲ್ಲಿ ಮನೆ ಕಟ್ಟಿ, ಯೂರೋಪಿನ ತರಕಾರಿಗಳನ್ನು ಅಲ್ಲಿನ ಮಣ್ಣಿಗೆ ತಂದ ಜಾನ್ ಸಲಿವನ್ ಕೊಯಮತ್ತೂರಿನ ಕಲೆಕ್ಟರ್. ನಮ್ಮ ತಾಲ್ಲೂಕಿಗೂ ಆಗ ಅವನೇ ಕಲೆಕ್ಟರ್. ಅಂದು ಬೆಟ್ಟ ಹತ್ತಿದ ಆಲೂಗಡ್ಡೆ ನೀಲಗಿರಿಯ ಜನರ ಬದುಕಾಯಿತು. ಆದರೆ 1961ರಲ್ಲಿ ಅಲ್ಲಿನ ಹೊಲಗಳಲ್ಲಿ ಒಂದು ಜಂತುಹುಳು ಪತ್ತೆಯಾಯಿತು. ಬೇರಿನ ರಸ ಹೀರಿ ಬದುಕುವ ಇದರ ಹೆಣ್ಣು ಹುಳು ಬಲಿತಾಗ ಹೊಂಬಣ್ಣಕ್ಕೆ ತಿರುಗುತ್ತದೆ. ಸತ್ತಮೇಲೆ ಅದರ ಮೈಯೇ ಗಟ್ಟಿ ಕೋಶವಾಗಿ ಒಳಗೆ ನೂರಾರು ಮೊಟ್ಟೆಗಳನ್ನು ಕಾಪಾಡುತ್ತದೆ. ಕೋಶದ ಗಾತ್ರ ಅರ್ಧ ಮಿಲಿಮೀಟರ್ ಅಷ್ಟೇ. ಗಡ್ಡೆಗೆ ಅಂಟಿದ ಮಣ್ಣಿನಲ್ಲಿ ಅದು ಬಂದರೆ ಬರಿಗಣ್ಣಿಗೆ ಗೊತ್ತಾಗುವುದೇ ಇಲ್ಲ. ಆಲೂಗಡ್ಡೆಯ ಬೇರಿನ ವಾಸನೆ ತಾಗುವ ತನಕ ಮಣ್ಣಿನಲ್ಲಿ ಹತ್ತಿಪ್ಪತ್ತು ವರ್ಷವಾದರೂ ಕಾಯುತ್ತದೆ.

ಇದೇ ಕಾರಣಕ್ಕೆ ನೀಲಗಿರಿಯ ಗಡ್ಡೆಯನ್ನು ಬಿತ್ತನೆಗೆಂದು ಹೊರಗೆ ಸಾಗಿಸಬಾರದು ಎಂಬ ನಿರ್ಬಂಧ ಬಂತು. 2018ರಲ್ಲಿ ಹಿಮಾಚಲ ಪ್ರದೇಶ, ಉತ್ತರಾಖಂಡ, ಜಮ್ಮು-ಕಾಶ್ಮೀರದ ಬಿತ್ತನೆ ಗಡ್ಡೆಯ ಸಾಗಾಟಕ್ಕೂ ಕೇಂದ್ರ ಸರ್ಕಾರ ತಡೆ ಹಾಕಬೇಕಾಯಿತು. ನನ್ನ ತಾರಸಿಯ ಒಂದು ಚೀಲದಿಂದ ಯಾರಿಗೆ ಏನಾದೀತು ಎಂದು ನೀವು ಕೇಳಬಹುದು. ಬೆಳೆ ಮುಗಿದ ಮೇಲೆ ಆ ಚೀಲದ ಮಣ್ಣು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿ. ಹಿತ್ತಲಿಗೆ ಹೋಗುತ್ತದೆ, ತಿಪ್ಪೆಗೆ ಹೋಗುತ್ತದೆ, ತಿಪ್ಪೆಯಿಂದ ಗಾಡಿ ಏರಿ ಯಾರದೋ ಹೊಲಕ್ಕೆ ಹೋಗುತ್ತದೆ. ಗುಂಡ್ಲುಪೇಟೆ ಕಡೆ, ಗಡಿಯಾಚೆ ಕನ್ನಡವನ್ನೇ ಆಡುವ ತಾಳವಾಡಿಯ ಕಡೆ ಆಲೂಗಡ್ಡೆಯನ್ನೇ ನಂಬಿದ ರೈತರಿದ್ದಾರೆ. ಮನೆಯ ಮೆಟ್ಟಿಲ ಮೇಲಿಟ್ಟ ಚೀಲವಾದರೂ ಅದು ಈ ನೆಲದ ಒಂದು ಭಾಗ. ಚೀಲವೂ ಒಂದು ಹೊಲ ಎಂದು ತಿಳಿದೇ ಅದರಲ್ಲಿ ಕೈಯಿಡಿ. ನಾನು ಹೇಳಬೇಕೆಂದಿರುವುದರ ತಿರುಳು ಇದು.

ಹಾಗಾದರೆ ಬೀಜ ಎಲ್ಲಿಂದ ತರುವುದು? ಮೊದಲು ತೋಟಗಾರಿಕೆ ಇಲಾಖೆಯ ಕಚೇರಿಯಲ್ಲೂ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಿ. ಕೇಳಲು ಸಂಕೋಚಪಡಬೇಡಿ, ಎರಡು ಚೀಲದವನಿಗೂ ಇಪ್ಪತ್ತು ಎಕರೆಯವನಿಗೂ ಅಲ್ಲಿ ಒಂದೇ ಬಾಗಿಲು. ಪ್ರಮಾಣಿತ ಬಿತ್ತನೆ ಗಡ್ಡೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಅಂಗಾಂಶ ಕೃಷಿಯಲ್ಲಿ ಬೆಳೆಸಿದ ಗಿಡದ ಕುಡಿ ಚಿವುಟಿ, ಬೇರು ಬರಿಸಿ, ಸಸಿಯಾಗಿ ಕೊಡುವ ಪದ್ಧತಿ ಈಚೆಗೆ ಹಾಸನದ ಕಡೆ ಬಂದಿದೆ. ಅಂಥ ಸಸಿ ಸಿಕ್ಕರೆ ಚೀಲಕ್ಕೆ ತುಂಬ ಅನುಕೂಲ. ಇವೆರಡೂ ಸಿಗದಿದ್ದರೆ ಹಾಸನದ ಮುಂಗಾರು ಬೆಳೆಯ ಗಡ್ಡೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಗೆ ಬರುತ್ತದೆ. ನಂಬಿಕಸ್ಥ ವ್ಯಾಪಾರಿಯ ಹತ್ತಿರ ಊರು ಕೇಳಿ ಖಾತ್ರಿ ಮಾಡಿಕೊಂಡು, ಕಲೆ, ಕೊಳೆ, ಕಜ್ಜಿ ಇಲ್ಲದ ಕೋಳಿಮೊಟ್ಟೆ ಗಾತ್ರದವನ್ನು ಆರಿಸಿ. ಕಿತ್ತ ಗಡ್ಡೆ ಆರೆಂಟು ವಾರ ನಿದ್ದೆಯಲ್ಲಿರುತ್ತದೆ, ಆಮೇಲೇ ಕಣ್ಣು ಬಿಡುವುದು. ಬಿಸಿಲು ಬೀಳದ, ಆದರೆ ಬೆಳಕಿರುವ ಜಾಗದಲ್ಲಿ ಒಂದರ ಮೇಲೊಂದು ಹೇರದಂತೆ ಹರಡಿಡಿ. ದೀಪಾವಳಿಯ ಹೊತ್ತಿಗೆ ಕಣ್ಣುಗಳಲ್ಲಿ ಗಿಡ್ಡನೆಯ, ದಪ್ಪನೆಯ, ಹಸಿರು-ನೇರಳೆ ಬಣ್ಣದ ಮೊಳಕೆ ಬಂದಿದ್ದರೆ ಬೀಜ ಸಿದ್ಧ. ಕತ್ತಲೆಯ ಮೂಲೆಯಲ್ಲಿ ಬಿಳಿಯ ದಾರದ ಹಾಗೆ ಉದ್ದ ಬೆಳೆದ ಮೊಳಕೆ ಮುಟ್ಟಿದರೆ ಮುರಿಯುತ್ತದೆ, ಅದಕ್ಕೆ ಕಸುವಿಲ್ಲ.

ಸಣ್ಣ ಗಡ್ಡೆಯನ್ನು ಇಡಿಯಾಗಿಯೇ ನೆಡಿ. ದೊಡ್ಡದಾದರೆ 40–50 ಗ್ರಾಂ ತೂಕದ ಹೋಳು ಮಾಡಿ, ಒಂದೊಂದರಲ್ಲೂ ಎರಡು ಮೂರು ಕಣ್ಣಿರಲಿ. ಒಂದು ಗಡ್ಡೆ ಕತ್ತರಿಸಿ ಇನ್ನೊಂದಕ್ಕೆ ಹೋಗುವ ಮುನ್ನ ಚಾಕುವನ್ನು ಕುದಿಯುವ ನೀರಿನಲ್ಲಿ ಅದ್ದಿ. ಒಂದರಲ್ಲಿ ಸೊರಗು ರೋಗವಿದ್ದರೆ ಚಾಕುವಿನ ಅಲಗೇ ಅದನ್ನು ಎಲ್ಲಕ್ಕೂ ಹಂಚಿಬಿಡುತ್ತದೆ. ಕತ್ತರಿಸಿದ್ದನ್ನು ತಕ್ಷಣ ನೆಡಬೇಡಿ. ಎರಡು ದಿನ ನೆರಳಿನಲ್ಲಿಟ್ಟು, ಕೊಯ್ದ ಮೈ ಒಣಗಿ ತೊಗಲಿನಂತಾದ ಮೇಲೆ ನೆಡಿ. ಹಸಿ ಹೋಳು ತೇವದ ಮಣ್ಣಿನಲ್ಲಿ ಕೊಳೆಯುವುದೇ ಹೆಚ್ಚು.

ಚೀಲ ಯಾವುದಾದರೂ ಆದೀತು. ಬೂಸಾ ಚೀಲ, ಅಕ್ಕಿ ಚೀಲ, 45 ಕೆಜಿಯ ಯೂರಿಯಾ ಚೀಲ, ಎಲ್ಲವೂ ಸರಿ, ತೊಳೆದು ಒಣಗಿಸಿರಬೇಕು. ಕ್ರಿಮಿನಾಶಕ ತುಂಬಿದ್ದ ಚೀಲ ಮಾತ್ರ ಬೇಡವೇ ಬೇಡ. ಪ್ಲಾಸ್ಟಿಕ್ ಹೆಣಿಗೆಯ ಚೀಲ ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿಯಾಗಿ ನಾರುನಾರಾಗಿ ಮಣ್ಣಿಗೆ ಸೇರುತ್ತದೆ. ಅದಕ್ಕೆ ಹೊರಗಿನಿಂದ ಹಳೆಯ ಗೋಣಿತಾಟು ಸುತ್ತಿ. ಬಿಸಿಲ ಹೊಡೆತವೂ ತಗ್ಗುತ್ತದೆ, ಚೀಲವೂ ಬಾಳುತ್ತದೆ. ತಳದಲ್ಲಿ, ತಳದಿಂದ ಎರಡು ಬೆರಳು ಮೇಲೆ ಸುತ್ತಲೂ, ನೀರು ಬಸಿಯಲು ತೂತು ಮಾಡಿ. ಇಟ್ಟಿಗೆಯ ಮೇಲಿಟ್ಟರೆ ತಾರಸಿಗೆ ತೇವ ಇಳಿಯುವುದಿಲ್ಲ. ಒದ್ದೆ ಮಣ್ಣಿನ ಚೀಲವೊಂದು ಮೂವತ್ತು ನಲವತ್ತು ಕೆಜಿ ತೂಗುತ್ತದೆ. ಹತ್ತಾರು ಚೀಲವನ್ನು ತಾರಸಿಯ ನಡುಮಧ್ಯೆ ಗುಡ್ಡೆ ಹಾಕದೆ, ಕೆಳಗೆ ಗೋಡೆಯೋ ತೊಲೆಯೋ ಇರುವ ಕಡೆ ಸಾಲಾಗಿಡಿ. ಬಾಡಿಗೆ ಮನೆಯಾದರೆ ಮೊದಲು ಮನೆಯವರ ಒಪ್ಪಿಗೆ ಕೇಳಿ.

ಮಣ್ಣು ಹಗುರವಾಗಿರಬೇಕು. ನಮ್ಮ ಕಡೆಯ ಎರೆಮಣ್ಣು ಹೊಲಕ್ಕೆ ಬಂಗಾರ, ಆದರೆ ಚೀಲದಲ್ಲಿ ಅದು ನೀರು ಕಂಡರೆ ಅಂಟಾಗುತ್ತದೆ, ಒಣಗಿದರೆ ಕಲ್ಲಾಗುತ್ತದೆ, ಗಡ್ಡೆ ಹಿಗ್ಗಲು ಜಾಗವೇ ಸಿಗುವುದಿಲ್ಲ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿಯೋ ಕೊಳೆತ ಎಲೆಗೊಬ್ಬರವೋ ಸೇರಿಸಿ. ಹಿಡಿಯಲ್ಲಿ ಅದುಮಿದರೆ ಉಂಡೆಯಾಗಿ, ಬೆರಳು ತಾಗಿಸಿದರೆ ಉದುರಬೇಕು. ಹಸಿ ಸಗಣಿ ಹಾಕಿದರೆ ಗಡ್ಡೆಗೆ ಕಜ್ಜಿ, ಹುಳು ಎರಡೂ ಬರುತ್ತವೆ.

ರೇಷ್ಮೆ ಸಾಕುವ ಮನೆಗಳಿರುವ ಸೀಮೆ ನಮ್ಮದು. ಹಿಪ್ಪುನೇರಳೆ ತಿಂದ ಹುಳುವಿನ ಹಿಕ್ಕೆಯೂ ಉಳಿದ ಸೊಪ್ಪು ಕಡ್ಡಿಯೂ ಸೇರಿ ಕಳಿತರೆ ಅದಕ್ಕೆ ಸಮನಾದ ಗೊಬ್ಬರ ಅಪರೂಪ. ಹಿಪ್ಪುನೇರಳೆ, ರಾಗಿ, ಅರಿಶಿನ ಮಾಡಿಕೊಂಡು ಬಂದ ನಾನು ಇದರ ಸತ್ವವನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಒಂದು ಎಚ್ಚರ ಬೇಕು. ಹುಳುಮನೆಯಲ್ಲಿ ರೋಗ ಬರದಿರಲೆಂದು ಸುಣ್ಣ, ಬ್ಲೀಚಿಂಗ್ ಪುಡಿ ಎರಚುತ್ತಾರೆ. ಹೆಚ್ಚು ಸುಣ್ಣ ಬೆರೆತ ಗೊಬ್ಬರದಿಂದ ಮಣ್ಣಿನ ಹುಳಿ ತಗ್ಗಿ ಆಲೂಗಡ್ಡೆಯ ಸಿಪ್ಪೆಗೆ ಕಜ್ಜಿ ಹತ್ತುತ್ತದೆ. ಒಲೆಬೂದಿ ಸುರಿದರೂ ಹಾಗೆಯೇ. ಪರಿಚಯದ ರೈತರ ಹತ್ತಿರ ಕೇಳಿ, ಸುಣ್ಣ ಬೆರೆಯದ ಹಿಕ್ಕೆಯನ್ನು ತಂದು, ಮೂರು ನಾಲ್ಕು ತಿಂಗಳು ಕಳಿಸಿ ಬಳಸಿ. ಅಂದರೆ ನವೆಂಬರ್ ನಾಟಿಗೆ ಜುಲೈನಲ್ಲೇ ಗೊಬ್ಬರದ ಚಿಂತೆ ಶುರುವಾಗಬೇಕು.

ಚೀಲದ ಬಾಯಿಯನ್ನು ಹೊರಗೆ ಮಡಚಿಕೊಂಡು ಒಂದು ಅಡಿಗಿಂತ ಕಡಿಮೆ ಎತ್ತರ ಮಾಡಿ. ಅರ್ಧದಷ್ಟು ಮಣ್ಣು ತುಂಬಿ, ಮೂರು ಬೀಜವನ್ನು ಕಣ್ಣು ಮೇಲಾಗಿ, ಒಂದಕ್ಕೊಂದು ಗೇಣು ದೂರವಿಟ್ಟು, ಮೇಲೆ ನಾಲ್ಕು ಬೆರಳು ಮಣ್ಣು ಮುಚ್ಚಿ. ಹೆಚ್ಚು ಬೀಜ ಹಾಕಿದರೆ ಹೆಚ್ಚು ಗಡ್ಡೆ ಬರುವುದಿಲ್ಲ, ಸಣ್ಣ ಗಡ್ಡೆ ಬರುತ್ತವೆ. ಗಿಡ ಗೇಣುದ್ದ ಬಂದಾಗ ಚೀಲವನ್ನು ಬಿಚ್ಚಿ ಮೇಲೆತ್ತಿ, ತುದಿಯ ಎಲೆಗಳು ಮಾತ್ರ ಹೊರಗೆ ಉಳಿಯುವಂತೆ ಬುಡಕ್ಕೆ ಮಣ್ಣು ಏರಿಸಿ. ಎರಡು ವಾರ ಬಿಟ್ಟು ಇನ್ನೊಮ್ಮೆ ಏರಿಸಿ. ಅಷ್ಟು ಸಾಕು. ಆಲೂಗಡ್ಡೆ ಬೇರಲ್ಲ, ಕಾಂಡ. ಹೂತ ಕಾಂಡದಿಂದ ಹೊರಟ ಬಿಳಿ ಕುಡಿಗಳ ತುದಿ ಉಬ್ಬಿ ಗಡ್ಡೆಯಾಗುತ್ತದೆ. ನಮಗೆ ಸಿಗುವ ತಳಿಗಳು ಬೇಗ ಬೆಳೆ ಮುಗಿಸುವಂಥವು, ಅವು ಒಂದೇ ಪದರದಲ್ಲಿ ಗಡ್ಡೆ ಕಟ್ಟುತ್ತವೆ. ಎದೆಯೆತ್ತರದ ಚೀಲಕ್ಕೆ ಮಣ್ಣು ಏರಿಸುತ್ತಾ ಹೋದರೆ ಅಂತಸ್ತು ಅಂತಸ್ತಾಗಿ ಗಡ್ಡೆ ಬರುತ್ತದೆ ಎಂಬ ಮಾತಿಗೆ ಮರುಳಾಗಬೇಡಿ. ಒಂದೂವರೆ ಅಡಿ ಮಣ್ಣು ಧಾರಾಳ.

ಮಣ್ಣು ಏರಿಸುವುದರಲ್ಲಿ ಆರೋಗ್ಯದ ವಿಚಾರವೂ ಇದೆ. ಬೆಳಕು ಬಿದ್ದ ಗಡ್ಡೆ ಹಸಿರಾಗುತ್ತದೆ, ಜೊತೆಗೆ ಸೊಲನಿನ್ ಎಂಬ ವಿಷವನ್ನೂ ತುಂಬಿಕೊಳ್ಳುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಹಸಿರಾದ ಗಡ್ಡೆಯನ್ನು ಅಡುಗೆಗೆ ಬಳಸಬೇಡಿ. ಗಿಡದಲ್ಲಿ ಕೆಲವೊಮ್ಮೆ ಟೊಮೆಟೊ ಪಿಂದೆಯನ್ನು ಹೋಲುವ ಹಸಿರು ಕಾಯಿ ಬಿಡುತ್ತದೆ, ಅದೂ ವಿಷವೇ. ಸೊಪ್ಪೂ ತಿನ್ನುವಂಥದ್ದಲ್ಲ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಕಾಯಿ ಕಂಡ ದಿನವೇ ಕಿತ್ತುಹಾಕಿ.

ನೀರು ಹದವಾಗಿರಲಿ. ದಿನ ಬಿಟ್ಟು ದಿನ ಎಂಬ ನಿಯಮ ಬೇಡ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಕೆಳಗಿನ ತೂತಿನಲ್ಲಿ ಜಿನುಗುವ ತನಕ ಕೊಡಿ. ನಾಲ್ಕು ದಿನ ಒಣಗಿಸಿ ಐದನೇ ದಿನ ತೊಯ್ಯಿಸಿದರೆ ಗಡ್ಡೆ ಬಿರಿಯುತ್ತದೆ. ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನ ಮೂರರ ಮೇಲೆ ನೆರಳಾಗುವ ಜಾಗ ಒಳ್ಳೆಯದು. ಹೊಲದ ಮಣ್ಣಿಗಿಂತ ಚೀಲದ ಮಣ್ಣು ಬೇಗ ಕಾಯುತ್ತದೆ. ಮೇಲೆ ನೆಲ್ಲುಹುಲ್ಲೋ ಒಣ ಎಲೆಯೋ ಹೊದಿಸಿ. ಹೆಗ್ಗಣ, ಕೋತಿಗಳ ಕಾಟವಿದ್ದರೆ ಬಲೆ ಕಟ್ಟಿ. ಹನೂರಿನ ಕಾಡಂಚಿನ ಹಳ್ಳಿಗಳಲ್ಲಿ ಗಡ್ಡೆ ಬೆಳೆ ಇಟ್ಟರೆ ಕಾಡುಹಂದಿ ಒಂದೇ ರಾತ್ರಿ ಉತ್ತು ಹೋಗುತ್ತದೆ. ಅಲ್ಲಿನವರಿಗೆ ಮನೆಯ ಮೇಲಿನ ಚೀಲ ನಿಜವಾಗಿಯೂ ಒಂದು ದಾರಿ.

ರೋಗದಲ್ಲಿ ಭಯಪಡಬೇಕಾದದ್ದು ಅಂಗಮಾರಿಗೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ನಮ್ಮಲ್ಲಿ ಮೂರು ನಾಲ್ಕು ದಿನ ಮೋಡ, ಜಿಟಿಜಿಟಿ ಹಿಡಿದಾಗ ಬೆಳಗ್ಗೆ ಎದ್ದೊಡನೆ ಗಿಡದ ಕೆಳಗಿನ ಎಲೆಗಳನ್ನು ಮಗುಚಿ ನೋಡಿ. ಎಲೆಯ ಅಂಚಿನಲ್ಲಿ ಬಿಸಿನೀರು ಬಿದ್ದು ಬೆಂದ ಹಾಗೆ ಕಂದುಗಪ್ಪು ಮಚ್ಚೆ, ಅಡಿಯಲ್ಲಿ ಮಚ್ಚೆಯ ಸುತ್ತ ತೆಳ್ಳನೆಯ ಬಿಳಿ ಬೂಸು ಕಂಡರೆ ಅದೇ ಅಂಗಮಾರಿ. ಬಿಸಿಲೇರಿದ ಮೇಲೆ ನೋಡಿದರೆ ಆ ಬೂಸು ಕಾಣಿಸುವುದಿಲ್ಲ. ಕಂಡ ಗಳಿಗೆಯಲ್ಲೇ ಗಿಡವನ್ನು ಬುಡಕ್ಕೆ ಕೊಯ್ದು, ಮುಚ್ಚಿದ ಚೀಲಕ್ಕೆ ಹಾಕಿ, ಆಳಕ್ಕೆ ಹೂಳಿ. ನೋಡೋಣ ಎಂದು ಎರಡು ದಿನ ಬಿಟ್ಟರೆ ಅದು ಗಾಳಿಯಲ್ಲಿ ಪಕ್ಕದ ಮನೆಯ ಟೊಮೆಟೊ ಗಿಡಕ್ಕೂ ಹಾರುತ್ತದೆ. ಎರಡೂ ಒಂದೇ ಕುಲದ ಗಿಡ, ಎರಡಕ್ಕೂ ಅದೇ ರೋಗ.

ಈ ರೋಗದ ಚರಿತ್ರೆ ನಿಮಗೆ ಗೊತ್ತಿರಬೇಕು. 1845ರಲ್ಲಿ ಐರ್ಲೆಂಡಿನ ಬಡವರು ಹೊಟ್ಟೆಗೆ ಆಲೂಗಡ್ಡೆಯೊಂದನ್ನೇ, ಅದರಲ್ಲೂ ಬಹುಪಾಲು ಒಂದೇ ತಳಿಯನ್ನು ನಂಬಿಕೊಂಡಿದ್ದಾಗ ಅಂಗಮಾರಿ ಬಂತು. ಮುಂದಿನ ವರ್ಷಗಳಲ್ಲಿ ಹಸಿವಿನಿಂದಲೂ ರೋಗದಿಂದಲೂ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ನಮ್ಮ ಹಾಸನವನ್ನು ನೋಡಿ. ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬಿತ್ತನೆ ಗಡ್ಡೆ ಬರುತ್ತದೆ. ಆಲೂಗಡ್ಡೆ ಬೀಜವನ್ನು ಇದ್ದಲ್ಲೇ ಉಳಿಸಿಕೊಂಡು ಬಂದರೆ ಸಸ್ಯಹೇನುಗಳು ಹರಡುವ ನಂಜುರೋಗ ವರ್ಷದಿಂದ ವರ್ಷಕ್ಕೆ ಸೇರಿಕೊಂಡು ಇಳುವರಿ ಸೊರಗುತ್ತದೆ. ಹೇನಿನ ಕಾಟವಿಲ್ಲದ ಚಳಿಯ ತಿಂಗಳುಗಳಲ್ಲಿ ಬಯಲುಸೀಮೆಯಲ್ಲಿ ಬೀಜ ಬೆಳೆಯುವ ಪದ್ಧತಿಯನ್ನು ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ರೂಪಿಸಿದ ಮೇಲೆ ಪಂಜಾಬ್ ದೇಶಕ್ಕೇ ಬೀಜದ ಕಣಜವಾಯಿತು. ಹಾಸನದ ರೈತನ ಖರ್ಚಿನಲ್ಲಿ ದೊಡ್ಡ ಪಾಲು ಈ ಬೀಜಕ್ಕೇ ಹೋಗುತ್ತದೆ. ಆ ಖರ್ಚಿನ ಮೇಲೆ ಅಂಗಮಾರಿಯ ಭಯ ಬೇರೆ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ತಳಿ ಅದನ್ನು ತಡೆಯುತ್ತದೆಂದು ಹೆಸರಾಗಿತ್ತು. ರೋಗ ರೂಪ ಬದಲಿಸಿತು, ತಳಿಯ ಶಕ್ತಿ ಉಡುಗಿತು. ಮುಂಗಾರಿನ ಮೋಡ ಹಿಡಿದ ಜುಲೈನಲ್ಲಿ ಹಾಸನದ ಹೊಲಗಳು ಕೆಲವೇ ದಿನದಲ್ಲಿ ಕಪ್ಪಾಗಿ ಮಲಗಿದ ವರ್ಷಗಳುಂಟು. ನಿಮ್ಮ ಒಂದು ಚೀಲ ಕಪ್ಪಾದಾಗ ನಿಮಗಾಗುವ ಸಂಕಟವನ್ನು ಎಕರೆಗಟ್ಟಲೆಗೆ, ಸಾಲದ ಸಮೇತ, ಗುಣಿಸಿ ನೋಡಿ. ಆಮೇಲೆ ಸಂತೆಯಲ್ಲಿ ಕೆಜಿಗೆ ಎರಡು ರೂಪಾಯಿ ಚೌಕಾಸಿ ಮಾಡಲು ನಿಮ್ಮ ನಾಲಿಗೆ ಏಳುವುದಿಲ್ಲ.

ಚೀಲದ ಆಲೂಗಡ್ಡೆಯಿಂದ ದುಡ್ಡು ಉಳಿಯುವುದಿಲ್ಲ. ಬೀಜ, ಗೊಬ್ಬರ, ನೀರು ಲೆಕ್ಕ ಹಾಕಿದರೆ ಅಂಗಡಿಯದ್ದೇ ಅಗ್ಗ. ಉಳಿತಾಯದ ಆಸೆಯಿಂದ ಶುರುಮಾಡಿದವರು ಎರಡನೇ ವರ್ಷಕ್ಕೆ ಬಿಟ್ಟುಬಿಡುತ್ತಾರೆ. ಮಣ್ಣು ಏನು ಕೇಳುತ್ತದೆ, ಹವಾಮಾನ ಎಷ್ಟು ಬಿಡುತ್ತದೆ, ಬೀಜದ ಹಿಂದೆ ಎಷ್ಟು ಜನರ ಶ್ರಮವಿದೆ ಎಂದು ಕೈಯಾರೆ ತಿಳಿಯಬೇಕು ಎನ್ನುವವರು ಮುಂದುವರಿಯುತ್ತಾರೆ. ನೀವು ಎರಡನೇ ಗುಂಪಿಗೆ ಸೇರಿ ಎಂಬುದು ನನ್ನ ಆಸೆ. ಓದು, ನೌಕರಿ ಎಂದು ಊರು ಬಿಟ್ಟು ಬೆಂಗಳೂರು, ಮೈಸೂರು ಸೇರಿದ ನಮ್ಮ ಮಕ್ಕಳಿಗೆ ಆರಂಬದ ಜೊತೆ ಉಳಿಯಬಹುದಾದ ನಂಟು ಈ ಒಂದು ಚೀಲವಾದರೂ ಆಗಲಿ.

ಕೀಳುವ ಕಾಲಕ್ಕೆ ಬರೋಣ. ತೊಂಬತ್ತು ದಿನದ ಆಸುಪಾಸಿನಲ್ಲಿ ಎಲೆ ಹಳದಿಯಾಗಿ ಗಿಡ ವಾಲುತ್ತದೆ. ನೀರು ನಿಲ್ಲಿಸಿ. ಬುಡದಿಂದ ನಾಲ್ಕು ಬೆರಳು ಬಿಟ್ಟು ಗಿಡ ಕೊಯ್ದು, ಇನ್ನೂ ಒಂದು ವಾರ ಹತ್ತು ದಿನ ಚೀಲವನ್ನು ಹಾಗೆಯೇ ಬಿಡಿ. ಆ ಹತ್ತು ದಿನದಲ್ಲಿ ಸಿಪ್ಪೆ ಗಟ್ಟಿಯಾಗುತ್ತದೆ. ಆತುರಕ್ಕೆ ನಡು ನಡುವೆ ಕೈಹಾಕಿ ತಡಕಿದರೆ ಬಿಳಿ ಕುಡಿಗಳು ಹರಿದು ಬೆಳೆಯಬೇಕಿದ್ದ ಗಡ್ಡೆಯೂ ಹೋಗುತ್ತದೆ. ಗೋಣಿತಾಟು ಹಾಸಿ ಚೀಲವನ್ನು ಮೆಲ್ಲಗೆ ಅಡ್ಡ ಮಲಗಿಸಿ, ಮಣ್ಣನ್ನು ಕೈಯಿಂದಲೇ ಬಿಡಿಸಿ. ಒಂದು ಗಡ್ಡೆ ತೆಗೆದು ಹೆಬ್ಬೆರಳಿನಿಂದ ಉಜ್ಜಿ ನೋಡಿ. ಸಿಪ್ಪೆ ಸುಲಿಯದೆ ನಿಂತರೆ ಬಲಿತಿದೆ ಎಂದರ್ಥ, ಇಡಬಹುದು. ಸುಲಿದು ಬಂದರೆ ಎಳಸು, ಆ ವಾರದಲ್ಲೇ ತಿಂದು ಮುಗಿಸಿ. ಗಾಯವಾದವನ್ನು ಬೇರೆ ಮಾಡಿ ಮೊದಲು ಬಳಸಿ. ಉಳಿದವನ್ನು ತೊಳೆಯದೆ ನೆರಳಲ್ಲಿ ಆರಿಸಿ, ಕತ್ತಲೆಯ, ಗಾಳಿಯಾಡುವ ಜಾಗದಲ್ಲಿಡಿ.

ಖಾಲಿಯಾದ ಚೀಲದ ಮಣ್ಣಿಗೆ ಮತ್ತೆ ಆಲೂಗಡ್ಡೆ ಬೇಡ. ಅದೇ ಕುಲದ ಟೊಮೆಟೊ, ಬದನೆ, ಮೆಣಸಿನಕಾಯಿಯೂ ಬೇಡ. ಶಿವರಾತ್ರಿ ಕಳೆದ ಮೇಲೆ ದಂಟಿನ ಸೊಪ್ಪು, ಹರಿವೆ ಚೆಲ್ಲಿ. ಮೇ ತಿಂಗಳ ಮಳೆಗೆ ಅರಿಶಿನದ ಬೀಜವನ್ನೋ ಸುವರ್ಣಗಡ್ಡೆಯನ್ನೋ ಇಡಿ. ಅವು ನಮ್ಮ ಬಿಸಿಲಿಗೆ ಹೆದರುವುದಿಲ್ಲ. ಸೆಕೆಗಾಲದಲ್ಲಿ ಗಡ್ಡೆಯನ್ನೇ ಬೆಳೆಯಬೇಕೆಂಬ ಆಸೆಯಿದ್ದರೆ ಸಿಹಿಗೆಣಸಿನ ಬಳ್ಳಿ ನೆಡಿ. ಮುಂದಿನ ದೀಪಾವಳಿಯ ಆಲೂಗಡ್ಡೆಗೆ ಬೇರೆ ಮಣ್ಣು, ಬೇರೆ ಬೀಜ ಇರಲಿ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನ ಗೆಣಸು ಅಗೆಯುವಾಗ ಬಳ್ಳಿಯ ಬುಡವನ್ನು ಮತ್ತೆ ಗುಂಡಿಗಿಟ್ಟು ಮಣ್ಣು ಮುಚ್ಚಿಯೇ ಮುಂದೆ ಹೋಗುತ್ತಾರೆ. ಆ ಕಾಡು ಯಾರ ಹೆಸರಿನ ಪಹಣಿಯಲ್ಲೂ ಇಲ್ಲ, ಮುಂದಿನ ವರ್ಷ ಆ ಬಳ್ಳಿಯನ್ನು ಅಗೆಯುವವರು ಇನ್ಯಾರೋ ಆಗಿರಬಹುದು. ಆದರೂ ಮುಚ್ಚುತ್ತಾರೆ. ನೆಲದಿಂದ ತೆಗೆದುಕೊಳ್ಳುವವನು ತನ್ನ ನಂತರ ಬರುವವನ ಲೆಕ್ಕವನ್ನೂ ಇಡಬೇಕು ಎಂಬ ಬುದ್ಧಿ ಅದು. ನಮ್ಮ ಜಿಲ್ಲೆಯಲ್ಲೇ ಇರುವ ಈ ಪಾಠವನ್ನು ಕಲಿಯಲು ದೂರ ಹೋಗಬೇಕಾಗಿಲ್ಲ.

ಮೊದಲ ವರ್ಷ ಎರಡೇ ಚೀಲ ಮಾಡಿ. ನೆಟ್ಟ ದಿನ, ಬೀಜ ಬಂದ ಊರು, ಮಣ್ಣು ಏರಿಸಿದ ದಿನ, ಮೋಡ ಹಿಡಿದ ದಿನ, ಬಂದ ತೂಕ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡನೇ ವರ್ಷಕ್ಕೆ ಅದಕ್ಕಿಂತ ಒಳ್ಳೆಯ ಗುರು ನಿಮಗೆ ಸಿಗುವುದಿಲ್ಲ. ಬಂದ ಬೆಳೆಯಲ್ಲಿ ಪಕ್ಕದ ಮನೆಗೆ ಒಂದು ಪಾಲು ಕೊಡಿ. ರೋಗ ಬಂದರೆ ಅದನ್ನೂ ಮುಚ್ಚಿಡದೆ ಅದೇ ದಿನ ಪಕ್ಕದ ಮನೆಗೆ ಹೇಳಿ. ಬೆಳೆ ಬಂದಾಗ ಹಂಚುವುದು ಎಲ್ಲರಿಗೂ ಬರುತ್ತದೆ. ಬೆಳೆ ಕೆಟ್ಟಾಗ ನೆರೆಯವರನ್ನು ಎಚ್ಚರಿಸಲು ಕಲಿತಿರೆಂದರೆ, ನಿಮ್ಮ ಹೆಸರಿನಲ್ಲಿ ಒಂದು ಗುಂಟೆ ಇಲ್ಲದಿದ್ದರೂ ನೀವು ಆರಂಬಗಾರರೇ.